ಬಟ್ಟೆ ಒಣಹಾಕುವ ಜಾಗ

ಮೊದಲನೇ ಸಲ ಬಿದ್ದಾಗ ಹೆಂಗಸರು ನಕ್ಕಿದ್ದರು.

ಚಳಿಗಾಲ ಶುರುವಾಗಿ ಎರಡು ವಾರ ಆಗಿತ್ತು. ಭಾನುವಾರ ಬೆಳಿಗ್ಗೆ. ಗಂಜಿಯಕ್ಕ ಮೊಣಕಾಲುದ್ದ ನೀರಲ್ಲಿ ನಿಂತು ಬೆಡ್‌ಶೀಟು ಕುಕ್ಕುತ್ತಿದ್ದಳು. ದಡದ ಮೇಲೆ ಬೋರಲು ಹಾಕಿದ್ದ ತಗಡಿನ ಬಾನಿಯ ಮೇಲೆ ಪಟಪಟ ಸದ್ದಾಯಿತು. ಯಾರೋ ಒಂದು ಹಿಡಿ ಕಾಳು ಎರಚಿದ ಹಾಗೆ. ತಲೆಯೆತ್ತಿ ನೋಡಿದರೆ ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಪಕ್ಕದ ಕಲ್ಲಿನ ದೊಡ್ಡವ್ವ ಬಗ್ಗಿ, ಬಾನಿಯಿಂದ ಉರುಳಿಬಿದ್ದದ್ದನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದಳು. ಸಾಸಿವೆಗಿಂತ ದಪ್ಪ, ಮೆಣಸಿಗಿಂತ ಸಣ್ಣ. ಸೀಸದ ಚರೆ.

"ಮೇಲಿನ ದೊರೆಗಳು ನಮಗೆ ಒಗ್ಗರಣೆ ಹಾಕ್ತಿದಾರೆ ಕಣ್ರೇ," ಅಂದಳು.

ಎಲ್ಲರೂ ನಕ್ಕರು. ಗಂಜಿಯಕ್ಕನೂ ನಕ್ಕಳು. ನಗುತ್ತಲೇ ಗುಡ್ಡದ ಕಡೆ ನೋಡಿದಳು. ಈ ಕಲ್ಲಿನ ಮುಂದೆ ಅವಳು ನಿಂತು ಇಪ್ಪತ್ತೆರಡು ವರ್ಷ. ಪ್ರತಿ ಚಳಿಗಾಲ ಬಂದೂಕಿನ ಸದ್ದು ಕೇಳಿದ್ದಳು. ಚರೆ ಒಂದು ಸಲವೂ ಇಲ್ಲಿವರೆಗೆ ಬಂದಿರಲಿಲ್ಲ.

ಅದು ಹತ್ತು ಮನೆಯವರು ಒಗೆಯುವ ಜಾಗ. ಹಳ್ಳ ಅಲ್ಲಿ ಸ್ವಲ್ಪ ಅಗಲವಾಗಿ, ನಿಧಾನವಾಗಿ ಹರಿಯುತ್ತದೆ. ದಡದಲ್ಲಿ ಹತ್ತು ಕಲ್ಲು. ಕಲ್ಲಿನಾಚೆ ಬಟ್ಟೆ ಒಣಹಾಕುವ ಬಯಲು. ಅಲ್ಲಿಂದ ಕುರುಚಲು ಕಾಡು ಏರುತ್ತಾ ಹೋಗುತ್ತದೆ. ಏರು ಮುಗಿದಲ್ಲಿ ಷಿಕಾರಿ ಕ್ಲಬ್ಬು. ಇಲ್ಲಿಂದ ಗಟ್ಟಿಯಾಗಿ ಕೂಗಿದರೆ ಅಲ್ಲಿಗೆ ಕೇಳಿಸುವಷ್ಟೇ ದೂರ. ಕೆಂಪು ಹೆಂಚು, ಬಿಳಿ ಕಂಬದ ಜಗಲಿ, ಮುಂದೆ ಕತ್ತರಿಸಿ ಬಿಟ್ಟ ಹುಲ್ಲಿನ ಅಂಗಳ. ಚಳಿಗಾಲದ ಮೂರು ತಿಂಗಳು ಸದಸ್ಯರು ಶನಿವಾರ ಸಂಜೆ ಕಾರಲ್ಲಿ ಬಂದು ಉಳಿದುಕೊಳ್ಳುತ್ತಾರೆ. ಭಾನುವಾರ ಬೆಳಿಗ್ಗೆ ಹಕ್ಕಿ ಹೊಡೆಯುತ್ತಾರೆ, ಹಂದಿ ಹೊಡೆಯುತ್ತಾರೆ, ಉಂಡು ಹೋಗುತ್ತಾರೆ. ಅವರು ಹೊದ್ದದ್ದು, ಒರೆಸಿಕೊಂಡದ್ದು, ಮೇಜಿನ ಮೇಲೆ ಚೆಲ್ಲಿದ್ದು, ಜಾಕೀಟಿಗೆ ರಕ್ತ ಮಾಡಿಕೊಂಡದ್ದು ಎಲ್ಲ ಈ ಹತ್ತು ಕಲ್ಲಿಗೆ ಇಳಿಯುತ್ತದೆ.

ರಕ್ತದ ಬಟ್ಟೆ ತಣ್ಣೀರಲ್ಲೇ ಬಿಡಬೇಕು. ಬಿಸಿನೀರು ತಾಗಿತೋ, ಕಲೆ ಕಚ್ಚಿಕೊಂಡುಬಿಡುತ್ತದೆ. ಹಾಗಾಗಿ ಚಳಿಗಾಲದ ಹಳ್ಳದಲ್ಲೇ ನಿಂತು ಉಜ್ಜಬೇಕು. ಮೊದಲು ಬೆರಳು ಜುಮುಗುಡುತ್ತದೆ, ಆಮೇಲೆ ಉರಿಯುತ್ತದೆ, ಆಮೇಲೆ ಬೆರಳು ನಮ್ಮದಲ್ಲ ಅನ್ನಿಸುತ್ತದೆ. ಗಂಜಿಯಕ್ಕನ ಎಡಗೈಯ ಎರಡು ಉಗುರು ಬಿದ್ದುಹೋಗಿ ಮತ್ತೆ ಹುಟ್ಟಿರಲಿಲ್ಲ. ಬಟ್ಟೆಗೆ ಗಂಜಿ ಹಾಕುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳು ಗಂಜಿ ಹಾಕಿದ ಮೇಜಿನ ಬಟ್ಟೆ ಕಾಗದದ ಹಾಗೆ ಗರಿಗರಿಯಾಗಿ ನಿಲ್ಲುತ್ತಿತ್ತು. ಅದಕ್ಕೇ ಆ ಹೆಸರು ಬಂತು. ಹುಟ್ಟಿದಾಗ ಇಟ್ಟ ಹೆಸರು ಈಗ ಮನೆಯವರಿಗೂ ನೆನಪಿಲ್ಲ.

ಗಂಡ ಇಸ್ತ್ರಿ ಮಾಡುತ್ತಾನೆ. ಹದಿನಾರನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ಮಾತು ಬರುತ್ತದೆ, ಆಡುವುದು ಕಡಿಮೆ. ಬಯಲಿನ ಅಂಚಲ್ಲಿ ಕಲ್ಲಿನ ಮೇಲೆ ಹಲಗೆಯಿಟ್ಟು, ಇದ್ದಿಲ ಪೆಟ್ಟಿಗೆ ಊದುತ್ತಾ ತನ್ನ ಪಾಡಿಗೆ ತಾನಿರುತ್ತಾನೆ. ಅವನ ಹಿಂದೆ ಸಿಡಿಲು ಬಿದ್ದರೂ ಅವನಿಗೆ ಗೊತ್ತಾಗುವುದು ಎದುರಿಗಿರುವವರ ಮುಖ ನೋಡಿ.

ಚರೆ ಬಿದ್ದ ದಿನದಿಂದ ಗಂಜಿಯಕ್ಕ ಅವನಿಗೂ ಸೇರಿಸಿ ಕೇಳಿಸಿಕೊಳ್ಳತೊಡಗಿದಳು. ಮೇಲೆ ಢಂ ಅಂದಾಗಲೆಲ್ಲ ಕತ್ತು ಅವನ ಕಡೆ ತಿರುಗುತ್ತಿತ್ತು.

ಎರಡನೇದು ನಗುವಂಥದ್ದಾಗಿರಲಿಲ್ಲ.

ಅವಳು ಬಟ್ಟೆಯನ್ನು ತಲೆಮೇಲೆತ್ತಿದ್ದಳು. ಕಲ್ಲಿಗೆ ಅಪ್ಪಳಿಸುವ ಮೊದಲೇ ಕಲ್ಲು ಸದ್ದು ಮಾಡಿತು. ಟಣ್ ಅಂತ, ಸುತ್ತಿಗೆಯಲ್ಲಿ ಹೊಡೆದ ಹಾಗೆ. ಕೈಯಲ್ಲಿ ಬಟ್ಟೆ ಇನ್ನೂ ಮೇಲೇ ಇತ್ತು. ಕಾಲಿಗೆ ಏನೋ ಚುರುಕ್ ಅಂತು. ಕೆಳಗೆ ನೋಡಿದರೆ ನೀರಲ್ಲಿ ಕೆಂಪು ಎಳೆ ಹರಿಯುತ್ತಿದೆ. ಹೋದ ವಾರದ ಜಾಕೀಟಿನ ಹಂದಿ ರಕ್ತ ಅಂದುಕೊಂಡಳು. ಜಾಕೀಟು ಇನ್ನೂ ದಡದ ಮೇಲಿತ್ತು.

ಕಲ್ಲಿನ ಚಕ್ಕೆ ಹಾರಿ ಮೊಣಕಾಲಿನ ಕೆಳಗೆ ಎರಡು ಬೆರಳುದ್ದ ಸೀಳಿತ್ತು. ಇದು ಹಕ್ಕಿ ಹೊಡೆಯುವ ಚರೆಯಲ್ಲ. ಹಂದಿ ಹೊಡೆಯುವ ಗುಂಡು. ದೊಡ್ಡವ್ವ ತನ್ನ ಸೆರಗಿನ ಅಂಚು ಹರಿದು ಕಾಲಿಗೆ ಬಿಗಿದಳು. ಈ ಸಲ ಅವಳ ಬಾಯಲ್ಲಿ ತಮಾಷೆ ಇರಲಿಲ್ಲ.

"ಒಂದು ಗೇಣು ಈಚೆ ಬಂದಿದ್ರೆ ಸೊಂಟಕ್ಕೆ," ಅಂದಳು.

ಗಂಜಿಯಕ್ಕ ಎತ್ತಿದ್ದ ಬಟ್ಟೆಯನ್ನು ಒಗೆದು ಮುಗಿಸಿದಳು. ಮುಗಿಸದೆ ವಿಧಿಯಿರಲಿಲ್ಲ. ಸೋಮವಾರ ಕ್ಲಬ್ಬಿಗೆ ಬೇರೆ ಅತಿಥಿಗಳು ಬರುತ್ತಾರೆ. ಸದಸ್ಯರು ಬೆಳಕು ಹರಿಯುವ ಹೊತ್ತಿಗೆ ಹಾಸಿಗೆ ಬಿಟ್ಟೆದ್ದರೆ, ಅವರ ಮೈಬಿಸಿ ಆರುವುದರೊಳಗೆ ಹೊದಿಕೆ ಹಳ್ಳಕ್ಕೆ ಬರುತ್ತದೆ. ಸಂಜೆಗೆ ಇಸ್ತ್ರಿಯಾಗಿ ಮೇಲೆ ಹೋಗಬೇಕು.

ಆವತ್ತು ಸಂಜೆ ಗಂಟು ಒಯ್ಯಲು ಅವಳ ತಮ್ಮ ಬಂದ. ಅವನು ಕ್ಲಬ್ಬಿನಲ್ಲಿ ಊಟ ಬಡಿಸುತ್ತಾನೆ. ಬಿಳಿ ಕೋಟು, ಹಿತ್ತಾಳೆ ಗುಂಡಿ. ಆ ಕೋಟು ಒಗೆಯುವವಳೂ ಅವಳೇ. ಕುಟುಂಬದಲ್ಲಿ ನೀರಿಗಿಳಿಯದೆ ಅನ್ನ ಕಂಡವನು ಅವನೊಬ್ಬನೇ ಅಂತ ಎಲ್ಲರಿಗೂ ಹೆಮ್ಮೆ. ಅಕ್ಕನ ಕಾಲಿನ ಕಟ್ಟು ನೋಡಿ ಅವನ ಮುಖ ಇಳಿಯಿತು.

"ಏನಾಯ್ತಕ್ಕ?"

"ನೀನೇ ಹೇಳು. ಇಷ್ಟು ವರ್ಷ ಇಲ್ಲದ್ದು ಈ ವರ್ಷ ಯಾಕೆ?"

ಅವನು ಅತ್ತಿತ್ತ ನೋಡಿದ. ಹೇಳಲೋ ಬೇಡವೋ ಅಂತ ತುಟಿ ಕಚ್ಚಿದ. ಆಮೇಲೆ ಹೇಳಿದ. ಮೊದಲು ಬಂದೂಕಿನವರು ಕಾಡಿನ ಕೆಳ ಅಂಚಲ್ಲಿ, ಗುಡ್ಡಕ್ಕೆ ಮುಖ ಮಾಡಿ, ಅರ್ಧಚಂದ್ರದ ಹಾಗೆ ನಿಲ್ಲುತ್ತಿದ್ದರು. ನಾಯಿಗಳು ಮೇಲಿಂದ ಪ್ರಾಣಿ ಅಟ್ಟಿಕೊಂಡು ಬರುತ್ತಿದ್ದವು. ತಪ್ಪಿದ ಗುಂಡೆಲ್ಲ ಗುಡ್ಡದ ಮಣ್ಣಿಗೆ. ಹೋದ ವರ್ಷ ಕೊನೆಯ ಬೇಟೆಯ ದಿನ ಈ ತುದಿಯವನು ಹೊಡೆದದ್ದು ಆ ತುದಿಯಲ್ಲಿ ನಿಂತಿದ್ದ ಅಧ್ಯಕ್ಷರ ಕಿವಿಗೆ ತಾಗಿತು. ಒಂದೇ ಒಂದು ಚರೆ. ಕಿವಿಯ ಮೇಲ್ತುದಿ ಕಾಳಿನಷ್ಟು ಹಾರಿಹೋಯಿತು.

"ಆಮೇಲೆ?"

"ಆಮೇಲೇನು, ಮೂರು ಮೀಟಿಂಗಾಯ್ತು. ಹೊಡೆದವರನ್ನ ಒಂದು ವರ್ಷ ಬರಬೇಡಿ ಅಂದ್ರು. ಈಗ ಎಲ್ಲರೂ ಮೇಲೆ, ಅಂಗಳದ ಅಂಚಲ್ಲಿ, ಒಂದೇ ಸಾಲಲ್ಲಿ ನಿಲ್ತಾರೆ. ನಾಯಿಗಳನ್ನ ಕೆಳಗಿಂದ ಬಿಡ್ತಾರೆ. ಒಬ್ಬರ ಬಂದೂಕು ಇನ್ನೊಬ್ಬರ ಕಡೆ ತಿರುಗೋ ಹಾಗೇ ಇಲ್ಲ."

"ಅಂದ್ರೆ ಬಂದೂಕಿನ ಮುಖ ಕೆಳಗೆ."

ತಮ್ಮ ಕೋಟಿನ ಗುಂಡಿ ತಿರುವುತ್ತಾ ನಿಂತ.

"ಕೆಳಗೆ ನಾವಿದೀವಿ ಅಂತ ಯಾರಿಗೂ ಗೊತ್ತಿಲ್ವಾ?"

"ಗೊತ್ತಿಲ್ಲದೆ ಏನು. ದಿನಾ ಗಂಟು ಕಳಿಸ್ತಾರಲ್ಲ." ಅವನು ಗಂಟಿನ ಕಡೆ ಬಗ್ಗಿದ. "ಜಗಲಿಯಲ್ಲಿ ಹಾಕಿರೋ ಬೋರ್ಡಲ್ಲಿ ಮಾತ್ರ ಬೇರೆ ಬರೆದಿದಾರೆ. ಹಳ್ಳದ ಕಡೆ ಜನವಸತಿ ಇಲ್ಲ ಅಂತ."

ದೊಡ್ಡವ್ವ ದೂರದಿಂದಲೇ ಕೇಳಿಸಿಕೊಂಡಳು. "ಸರಿಯಾಗೇ ಬರೆದಿದಾರೆ ಬಿಡಪ್ಪ," ಅಂದಳು. "ನಾವೆಲ್ಲ ದೆವ್ವಗಳು. ಅದಕ್ಕೇ ಬಿಳಿ ಬಟ್ಟೆ ಜೊತೆ ಓಡಾಡ್ತೀವಿ."

ತಮ್ಮ ಗಂಟು ಹೆಗಲಿಗೇರಿಸಿಕೊಂಡು, "ಇದನ್ನೆಲ್ಲ ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡ್ಬೇಡಕ್ಕ," ಅಂದು ಹೋದ.

ಮೂರನೇದು ಬಂದಾಗ ಅವಳಿಗೆ ಸದ್ದೇ ಕೇಳಲಿಲ್ಲ.

ಭಾನುವಾರ, ಹತ್ತು ಗಂಟೆ ಬಿಸಿಲು. ಬಯಲಲ್ಲಿ ಹಗ್ಗ ಬಿಗಿದು ಬೆಡ್‌ಶೀಟು ಹರಡುತ್ತಿದ್ದಳು. ಒದ್ದೆ ಬಟ್ಟೆ ಎದುರಿಗೆ ಗೋಡೆಯ ಹಾಗೆ ನಿಂತಿತ್ತು. ಎಡಗೈ ಮೇಲೆತ್ತಿ ಹಗ್ಗ ಹಿಡಿದಿದ್ದಳು. ಬಾಯಲ್ಲಿ ಕ್ಲಿಪ್ಪು. ಆ ಕಡೆಯಿಂದ ಯಾರೋ ಬಟ್ಟೆ ಹಿಡಿದು ಪಟ್ಟನೆ ಎಳೆದು ಬಿಟ್ಟ ಹಾಗಾಯಿತು. ಕೆನ್ನೆಗೆ ಬಿಸಿ ಗಾಳಿ ಸೋಕಿತು. ಬಟ್ಟೆಯಲ್ಲಿ, ಅವಳೆತ್ತಿದ ತೋಳಿಗೂ ಕಿವಿಗೂ ನಡುವೆ, ಒಂದು ಸಣ್ಣ ಬೆಳಕು ಕಾಣಿಸಿತು. ಬೆರಳು ತೂರುವಷ್ಟು ತೂತು. ಅದರೊಳಗಿಂದ ಗುಡ್ಡ ಕಾಣುತ್ತಿತ್ತು.

ಅವಳ ಹಿಂದೆ, ಅದೇ ನೇರಕ್ಕೆ, ಗಂಡ ಇಸ್ತ್ರಿ ಮಾಡುತ್ತಿದ್ದ.

ತಿರುಗಿ ನೋಡುವ ಧೈರ್ಯ ಬರಲಿಲ್ಲ. ಬಾಯಲ್ಲಿದ್ದ ಕ್ಲಿಪ್ಪು ಬಿತ್ತು. ಕಾಲು ನೆಲ ಬಿಡಲಿಲ್ಲ. ಕೊನೆಗೆ ಕತ್ತು ಹೊರಳಿಸಿದರೆ ಅವನು ಬಗ್ಗಿ ಇದ್ದಿಲು ಊದುತ್ತಿದ್ದಾನೆ. ಅವನು ಬಗ್ಗಿದ್ದ. ಅಷ್ಟೇ. ನಿಂತಿದ್ದರೆ ಎದೆಗೆ ಬರುವ ಎತ್ತರದಲ್ಲಿ, ಹಿಂದಿದ್ದ ಮರದ ತೊಗಟೆ ಕಿತ್ತುಹೋಗಿ ಬಿಳಿ ತಿರುಳು ಕಾಣುತ್ತಿತ್ತು. ಅವನು ತಲೆಯೆತ್ತಿದ. ಹೆಂಡತಿಯ ಮುಖ ನೋಡಿದ. ಕೈಯಲ್ಲೇ, ಏನು, ಅಂತ ಕೇಳಿದ.

ಅವಳು ಮರ ತೋರಿಸಿದಳು. ಬಟ್ಟೆಯ ತೂತು ತೋರಿಸಿದಳು. ಆಮೇಲೆ ಅವನ ಹತ್ತಿರ ಹೋಗಿ ಕೂತು, ಅವನ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡಳು. ಅಳು ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಎದ್ದಳು. ಹಗ್ಗದಿಂದ ಆ ಬೆಡ್‌ಶೀಟು ಕಿತ್ತು ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಒದ್ದೆ ಸೀರೆಯಲ್ಲೇ ಗುಡ್ಡ ಹತ್ತಿದಳು. ಕಾಡಿನಲ್ಲಿ ಹೋಗುವ ಹಾಗಿರಲಿಲ್ಲ. ಸುತ್ತಿ ಬರುವ ರಸ್ತೆಯಲ್ಲಿ ಹೋದಳು.

ಕ್ಲಬ್ಬಿನ ಹಿಂಬಾಗಿಲಲ್ಲಿ ಗೋಣಿತಟ್ಟು ಹಾಸಿದೆ. ಒಗೆಯುವವರು ನಿಲ್ಲಬೇಕಾದ್ದು ಅದರ ಮೇಲೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಅದನ್ನು ದಾಟಿ ಒಂದು ಹೆಜ್ಜೆ ಇಟ್ಟವಳಲ್ಲ. ಅವಳು ಒಗೆದ ಹಾಸಿಗೆಯಲ್ಲಿ ಅವರು ಮಲಗಬಹುದು. ಅವಳ ಕಾಲು ಅವರ ನೆಲ ತಾಗಬಾರದು.

ಕಾರ್ಯದರ್ಶಿ ಬಂದ. ನಡುವಯಸ್ಸು, ಜೇಬಲ್ಲಿ ಎರಡು ಪೆನ್ನು. ಬೆಡ್‌ಶೀಟು ಬಿಡಿಸಿ ತೂತು ತೋರಿಸಿದಳು. ಅವನು ಬಟ್ಟೆ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ತೂತಿನ ಅಂಚು ಸರಿಸಿ ನೋಡಿದ.

"ಇಸ್ತ್ರಿ ಕಿಡಿ ಬಿದ್ದಿರೋದು. ಸುಟ್ಟಿದೆ ನೋಡು. ನಿನ್ನ ಗಂಡನಿಗೆ ಕಿವಿ ಕೇಳಲ್ಲ ಅಂತ ಗೊತ್ತಿತ್ತು. ಈಗ ಕಣ್ಣೂ ಹೋಯ್ತಾ?"

"ಹಸಿ ಬಟ್ಟೆ ಸಾರ್. ಇನ್ನೂ ಇಸ್ತ್ರಿಗೇ ಹೋಗಿಲ್ಲ. ಇದರ ಹಿಂದೆ ನಾನು ನಿಂತಿದ್ದೆ."

ಅವನು ಪೆನ್ನು ಒರೆಸಿ ಜೇಬಿಗಿಟ್ಟ. "ಸರಿ, ಗುಂಡೇ ಅಂತಿಟ್ಕೋ. ಯಾರಿಗಾದ್ರೂ ತಾಗಿತಾ?"

"ಇಲ್ಲ ಸಾರ್."

"ಮತ್ತೆ? ಏನೂ ಆಗಿಲ್ವಲ್ಲ."

"ಕೂದಲೆಳೆಯಲ್ಲಿ ತಪ್ಪಿತು ಸಾರ್."

"ತಪ್ಪಿತಲ್ಲ. ಒಂದು ಕೆಲ್ಸ ಮಾಡಿ. ಭಾನುವಾರ ಬೆಳಿಗ್ಗೆ ಹಳ್ಳದ ಹತ್ರ ಹೋಗ್ಬೇಡಿ."

"ಹಾಗಾದ್ರೆ ಬಟ್ಟೆ ಸೋಮವಾರ ಕೊಡ್ತೀವಿ."

"ಸೋಮವಾರ ಹೇಗಾಗತ್ತೆ? ಭಾನುವಾರ ಸಂಜೆಗೆ ಬೇಕು."

"ಬೆಳಿಗ್ಗೆ ಹಳ್ಳಕ್ಕಿಳೀಬಾರದು, ಸಂಜೆಗೆ ಬಟ್ಟೆ ಬೇಕು. ಎಲ್ಲಿ ಒಗೀಲಿ ಸಾರ್?"

"ಅದು ನಿಮ್ಮ ಕಷ್ಟಮ್ಮ. ಆಗಲ್ಲ ಅಂದ್ರೆ ಹೇಳಿ. ಪೇಟೆಯಿಂದ ಮೆಷಿನ್ ಲಾಂಡ್ರಿಯವರ ವ್ಯಾನು ನಾಳೇನೇ ಬರತ್ತೆ." ಅವನು ತಿರುಗಿದ. ಹೋಗುತ್ತಾ, "ಆ ತೂತು ಹೊಲಿದು ಕೊಡು. ಕಾಣಬಾರದು," ಅಂದ.

ಅವಳು ಗೋಣಿತಟ್ಟಿನ ಮೇಲೆ ನಿಂತೇ ಇದ್ದಳು. ಮನೆ ಕಡೆ ಹೋಗುವ ಬದಲು ಕಾಲು ಬೇರೆ ಕಡೆ ಎತ್ತಿಟ್ಟಳು. ಕಟ್ಟಡ ಸುತ್ತಿ, ಮುಂದಿನ ಮೆಟ್ಟಿಲು ಹತ್ತಿ, ಜಗಲಿಗೆ ಬಂದಳು. ನೆಲ ಕನ್ನಡಿಯ ಹಾಗಿತ್ತು. ಹೆಜ್ಜೆ ಹೆಜ್ಜೆಗೂ ಒದ್ದೆ ಪಾದದ ಗುರುತು. ಕಾವಲಿನವನು, "ಏಯ್, ಏಯ್," ಅನ್ನುತ್ತಾ ಬಂದ. ಅವಳ ಮೈ ಮುಟ್ಟಿ ತಳ್ಳಲು ಅವನಿಗೂ ಮನಸ್ಸಿಲ್ಲ. ಒರೆಸುವ ಬಟ್ಟೆ ತಂದು, ಅವಳ ಹಿಂದೆ ಹಿಂದೆಯೇ ಕುಕ್ಕರಗಾಲಲ್ಲಿ ಹೆಜ್ಜೆ ಅಳಿಸುತ್ತಾ ಬಂದ.

ಬೋರ್ಡು ಗಾಜಿನೊಳಗಿತ್ತು. ಗಂಜಿಯಕ್ಕ ನಾಲ್ಕನೇ ಕ್ಲಾಸು. ಬೆರಳಿಟ್ಟು ಓದಿದಳು. ‘ಸದಸ್ಯರ ಸುರಕ್ಷತೆಗಾಗಿ’ ಅಂತ ಮೇಲೆ ದೊಡ್ಡದಾಗಿತ್ತು. ಐದನೇ ಸಾಲಲ್ಲಿ ಇತ್ತು: ‘ಹಳ್ಳದ ಕಡೆ ಜನವಸತಿ ಇಲ್ಲ. ಆ ದಿಕ್ಕಿಗೆ ಗುಂಡು ಹಾರಿಸುವುದು ಸುರಕ್ಷಿತ.’

ಎರಡು ಸಲ ಓದಿದಳು. ಗಾಜಿನ ಮೇಲೆ ಒದ್ದೆ ಬೆರಳಿನ ಗುರುತು ಬಿತ್ತು. ಕಾವಲಿನವನು ಅದನ್ನೂ ಒರೆಸಿದ.

ಮಾರನೇ ದಿನ ದೊಡ್ಡವ್ವನನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದಳು. ಬೆಂಚಿನ ಮೇಲೆ ಕೂರಬೇಡಿ ಅಂದರು. ಎರಡು ಗಂಟೆ ನಿಂತರು. ಬರೆಯುವವನು ಕೊನೆಗೆ ಕರೆದು ಎಲ್ಲ ಕೇಳಿಸಿಕೊಂಡ. ಕೆಟ್ಟ ಮನುಷ್ಯನಲ್ಲ. ಬೆಡ್‌ಶೀಟು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಸತ್ತವರು ಯಾರು?"

"ಯಾರೂ ಇಲ್ಲ."

"ಏಟಾದವರು?"

ಅವಳು ಕಾಲಿನ ಗಾಯ ತೋರಿಸಿದಳು.

"ಅದು ಕಲ್ಲು ತಾಗಿದ್ದು ಅಂದ್ಯಲ್ಲಮ್ಮ. ಗುಂಡಿನ ಏಟಲ್ಲ." ಅವನು ಪುಸ್ತಕ ಮುಚ್ಚಿದ. "ಏನಂತ ಬರೀಲಿ? ಏನೂ ಆಗಿಲ್ಲ ಅಂತ ಬರ್ಯೋಕೆ ನನ್ನ ಹತ್ರ ಕಾಲಂ ಇಲ್ಲ."

"ಆದ ಮೇಲೆ ಬಂದ್ರೆ ಬರ್ಕೋತೀರಾ?"

"ಬರ್ಕೋಬೇಕಾಗತ್ತೆ."

"ಆಗ ಬರೋದು ನಾನಾಗಿರಲ್ಲವಲ್ಲ," ಅಂದಳು ಗಂಜಿಯಕ್ಕ.

ಊರ ಹೊರಗೆ ಬಂದ ಮೇಲೆ ದೊಡ್ಡವ್ವ ಒಂದು ಕಡೆ ಕೂತಳು. ಅವಳಿಗೆ ಎಪ್ಪತ್ತರ ಹತ್ತಿರ. ಮಂಡಿ ಎರಡೂ ಬಿದಿರಿನ ಗಿಣ್ಣಿನ ಹಾಗೆ ಊದಿಕೊಂಡಿದ್ದವು.

"ನನ್ನ ಗಂಡ ಹೇಗೆ ಹೋದ ಗೊತ್ತಾ," ಅಂದಳು.

"ಬಿದ್ದು ಅಂತ ಕೇಳಿದೀನಿ."

"ಬಿದ್ದಿದ್ದು ಹೌದು. ಆಗಿನ ಯಜಮಾನ್ರು ಬಾತುಕೋಳಿ ಹೊಡೆದ್ರು. ಇವನು ಅಡ್ಡ ಬಂದ. ಬಿದ್ದ. ಕೆರೆಗೆ ಜಾರಿ ಬಿದ್ದ ಅಂತ ಬರೆದ್ರು. ನನ್ನ ಕೈಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ್ರು. ಆವತ್ತು ಸಂಜೆ ಆ ಮನೆಯ ಬಟ್ಟೆ ನಾನೇ ಒಗೆದೆ. ಅವನ ರಕ್ತ ಯಾವುದು, ಬಾತುಕೋಳಿದು ಯಾವುದು ಅಂತ ನೋಡ್ತಾ ಒಗೆದೆ." ಅವಳು ಮಂಡಿ ನೀವಿಕೊಂಡಳು. "ಆಗಿದ್ದನ್ನೂ ಅವರು ಬರ್ಯಲ್ಲ ಕಣೇ. ನೀನು ಆಗದೇ ಇರೋದನ್ನ ಬರೆಸೋಕೆ ಹೋದೆ."

ಗಂಜಿಯಕ್ಕ ಅವಳ ಪಕ್ಕ ಕೂತಳು. ಎದ್ದಾಗ ಅವಳ ದನಿ ಬೇರೆಯಾಗಿತ್ತು.

"ದೊಡ್ಡವ್ವ, ಈ ಸುತ್ತಲಲ್ಲಿ ಗುಂಡು ಬೀಳದ ಜಾಗ ಒಂದೇ ಇರೋದು. ಬಂದೂಕಿನ ಹಿಂದೆ. ಕ್ಲಬ್ಬಿನ ಅಂಗಳ."

ದೊಡ್ಡವ್ವ ಅವಳ ಮುಖವನ್ನೇ ನೋಡಿದಳು.

"ಒಳ್ಳೇ ಬಿಸಿಲು ಬೀಳತ್ತೆ ಅಲ್ಲಿ," ಅಂದಳು.

ಹತ್ತು ಮನೆಯಲ್ಲಿ ಮಾತಾಯಿತು. ಒಪ್ಪದವರಿದ್ದರು. ಕೆಲಸ ಹೋದರೆ ಏನು ತಿನ್ನೋದು ಅಂದರು. ಗಂಡಸರು, ಹೆಂಗಸರಿಗೆ ತಲೆ ಕೆಟ್ಟಿದೆ ಅಂದರು. ಗಂಜಿಯಕ್ಕ ವಾದ ಮಾಡಲಿಲ್ಲ. ಆ ಬೆಡ್‌ಶೀಟು ತಂದು, ಒಬ್ಬೊಬ್ಬರನ್ನೇ ಅದರ ಹಿಂದೆ ನಿಲ್ಲಿಸಿದಳು. ಎತ್ತರದವಳಿಗೆ ತೂತು ಗಂಟಲಿಗೆ ಬಂತು. ಕುಳ್ಳಿಗೆ ಹಣೆಗೆ. ಏಳು ತಿಂಗಳ ಬಸುರಿ ಸೊಸೆಯೊಬ್ಬಳು ತಾನೇ ಬಂದು ನಿಂತಳು. ಅವಳ ಅತ್ತೆ ಕೈ ಹಿಡಿದು ಈಚೆ ಎಳೆದುಕೊಂಡಳು. ಆಮೇಲೆ ಹೆಚ್ಚು ಮಾತಾಗಲಿಲ್ಲ.

ಭಾನುವಾರ ಬೆಳಕು ಹರಿಯುತ್ತಲೇ ಗಂಟು ಇಳಿಯಿತು. ಬೇಟೆ ಶುರುವಾಗುವುದು ಎಂಟಕ್ಕೆ. ಅಷ್ಟರೊಳಗೆ ಮುಗಿಯಬೇಕು. ಹತ್ತು ಕಲ್ಲೂ ಒಟ್ಟಿಗೆ ದುಡಿದವು. ಮಂಜು ನೀರಿನ ಮೇಲೆ ಕೂತಿತ್ತು. ಯಾರೂ ಹಾಡಲಿಲ್ಲ, ಹರಟಲಿಲ್ಲ. ಉಜ್ಜಿದರು, ಕುಕ್ಕಿದರು, ಜಾಲಿಸಿದರು, ಇಬ್ಬಿಬ್ಬರು ನಿಂತು ಹಿಂಡಿದರು. ಆಮೇಲೆ ಬಯಲಿನ ಗೂಟದಿಂದ ಹಗ್ಗ ಬಿಚ್ಚಿ ಹೆಗಲಿಗೆ ಸುತ್ತಿಕೊಂಡರು.

ಒದ್ದೆ ಬಟ್ಟೆಯ ಗಂಟು ಒಣ ಗಂಟಿನ ಎರಡರಷ್ಟು. ಕತ್ತು ಭುಜದೊಳಗೆ ಇಳಿಯುತ್ತದೆ. ನೀರು ಬೆನ್ನಿನ ಮೇಲೆ ಸುರಿಯುತ್ತದೆ. ಏರು ರಸ್ತೆಯಲ್ಲಿ ಹತ್ತು ಹೆಂಗಸರು ಸಾಲಾಗಿ ಹತ್ತಿದರು. ಹಿಂದೆ ಗಂಜಿಯಕ್ಕನ ಗಂಡ, ಹಗ್ಗಕ್ಕೆ ಆಸರೆ ಕೊಡುವ ಕವೆಗೋಲುಗಳನ್ನು ಹೊತ್ತುಕೊಂಡು. ಅವನಿಗೆ ಅವಳು ಮೊದಲೇ ಹೇಳಿದ್ದಳು. ಅವನು ಅವಳ ತುಟಿ ನೋಡಿ, ತಲೆ ಆಡಿಸಿ, ಕೋಲಿಗೆ ಎಣ್ಣೆ ಹಚ್ಚಿ ಇಟ್ಟಿದ್ದ.

ಹಿಂದಿನ ಗೇಟಲ್ಲಿ ತಮ್ಮ ನಿಂತಿದ್ದ. ಬಿಳಿ ಕೋಟು ಹಾಕಿ, ಕೈಯಲ್ಲಿ ತಟ್ಟೆ ಹಿಡಿದು. ಅಕ್ಕನನ್ನು ನೋಡಿ ತಟ್ಟೆ ಕೆಳಗಿಟ್ಟ.

"ಎಲ್ಲಿಗಕ್ಕ ಇದೆಲ್ಲ?"

"ಒಣಹಾಕೋಕೆ."

ಅವನಿಗೆ ಅರ್ಥವಾಯಿತು. ಮುಖದ ಬಣ್ಣ ಹೋಯಿತು. "ಬೇಡ ಕಣಕ್ಕ. ನಿನ್ನ ಕಾಲಿಗೆ ಬೀಳ್ತೀನಿ. ನನ್ನ ಕೆಲಸ ಹೋಗತ್ತೆ."

"ನಿನ್ನ ಭಾವನ ಜೀವ ಹೋಗ್ತಿತ್ತು."

"ಹೋಗಿಲ್ವಲ್ಲ," ಅಂದ.

ಅಂದ ಮೇಲೆ ತನ್ನ ಬಾಯಿಂದ ಏನು ಬಂತು ಅಂತ ಅವನಿಗೇ ಕೇಳಿಸಿತು. ಗಂಜಿಯಕ್ಕ ಅವನನ್ನು ಬೈಯಲಿಲ್ಲ. ಗಂಟು ಹೊತ್ತ ತಲೆ ತಿರುಗಿಸಲಾಗದೆ, ನೇರ ನೋಡುತ್ತಲೇ, "ದಾರಿ ಬಿಡಪ್ಪ, ಭಾರ ಇದೆ," ಅಂದಳು. ಅವನು ಗೋಡೆಗೆ ಒರಗಿಕೊಂಡ. ಹತ್ತು ಹೆಂಗಸರೂ ಅವನ ಮುಂದೆಯೇ ಹಾದುಹೋದರು.

ಅಂಗಳದ ಆಚೆ ಅಂಚಲ್ಲಿ ಎಂಟು ಜನ ಸಾಲಾಗಿ ನಿಂತಿದ್ದರು. ಬೆನ್ನು ಈ ಕಡೆ, ಬಂದೂಕು ಕೆಳಗೆ. ಕೆಳಗೆ ಕಾಡಲ್ಲಿ ನಾಯಿಗಳು ಬೊಗಳುತ್ತಾ ಮೇಲೇರುತ್ತಿದ್ದವು. ಹೆಂಗಸರು ಬರಿಗಾಲಲ್ಲಿ ಹುಲ್ಲಿನ ಮೇಲೆ ಬಂದದ್ದು ಯಾರಿಗೂ ತಿಳಿಯಲಿಲ್ಲ. ಜಗಲಿಯ ಕಂಬದಿಂದ ಅಂಗಳದ ಮರಕ್ಕೆ ಮೊದಲನೇ ಹಗ್ಗ ಬಿಗಿದರು. ಕಂಬದಿಂದ ಕಂಬಕ್ಕೆ ಎರಡನೇದು.

ಢಂ ಅಂತು.

ಹೊಗೆ ಕಾಣಿಸಿತು. ಅದರಾಚೆ ಕುರುಚಲ ತುದಿಗಳು. ಅದರಾಚೆ, ಕೆಳಗೆ, ಮಂಜು ಕರಗಿದ ಬಿಸಿಲಲ್ಲಿ ಹತ್ತು ಕಲ್ಲು ಸ್ಪಷ್ಟವಾಗಿ ಕಾಣುತ್ತಿದ್ದವು. ಗಂಜಿಯಕ್ಕನ ಕೈ ನಿಂತಿತು. ಇಲ್ಲಿಂದ ಕಾಣುವುದಿಲ್ಲ ಅಂತ ಅವಳು ಇಷ್ಟು ದಿನ ನಂಬಿದ್ದಳು. ತನ್ನ ಕಲ್ಲು ಯಾವುದು ಅಂತ ಬೆರಳು ಮಾಡಿ ತೋರಿಸಬಹುದಿತ್ತು. ಬಾನಿಯ ತಗಡು ಹೊಳೆಯುತ್ತಿತ್ತು. ಅಲ್ಲಿ ನಿಂತವಳು ಇಲ್ಲಿಗೆ ಕಾಣುತ್ತಾಳೆ. ಮೂರು ಸಲವೂ ಕಂಡಿದ್ದಳು.

ಗಾಳಿಗೆ ಮೊದಲನೇ ಬೆಡ್‌ಶೀಟು ಫಟ್ ಅಂತ ಹೊಡೆದುಕೊಂಡಿತು.

ಸಾಲಿನ ತುದಿಯಲ್ಲಿದ್ದ ಹುಡುಗು ಮೋರೆಯ ಸದಸ್ಯ ಬೆಚ್ಚಿ ಸರ್ರನೆ ತಿರುಗಿದ. ಅವನ ಜೊತೆ ಬಂದೂಕೂ ತಿರುಗಿತು. ಬಂದೂಕಿನ ಕುದುರೆಯ ಮೇಲೆ ಬೆರಳಿತ್ತು. ಹೆಂಗಸರು ಇದ್ದಲ್ಲೇ ಕಲ್ಲಾದರು. ಬಸುರಿ ಹೆಂಗಸು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು. ಯಾರೂ ಕಿರುಚಲಿಲ್ಲ. ಗಂಜಿಯಕ್ಕ ಆ ಕರೀ ತೂತನ್ನು ನೇರವಾಗಿ ನೋಡಿದಳು. ಇಷ್ಟು ದಿನ ಅದು ಅವಳನ್ನು ನೋಡುತ್ತಿತ್ತು, ಅವಳು ಅದನ್ನು ನೋಡಿರಲಿಲ್ಲ.

ಗಂಡನ ಬೆನ್ನು ಆ ಕಡೆಗಿತ್ತು. ಅವನಿಗೆ ಏನೂ ಗೊತ್ತಿರಲಿಲ್ಲ. ಹಗ್ಗ ಜೋಲುತ್ತಿದೆ ಅಂತ ಕವೆಗೋಲು ಎತ್ತಿಕೊಂಡು, ಬಂದೂಕಿಗೂ ಹೆಂಗಸರಿಗೂ ನಡುವೆ ಹಾಯಾಗಿ ನಡೆದು ಬಂದ. ಕೋಲು ಊರಿದ. ಗಟ್ಟಿಯಾಯಿತೇ ಅಂತ ಅಲ್ಲಾಡಿಸಿ ನೋಡಿದ. ಆಮೇಲೆ ಹೆಂಡತಿಯ ಮುಖ ಕಂಡು ತಿರುಗಿದ. ಬಂದೂಕು ನೋಡಿದ. ಅಲ್ಲಿಂದ ಕದಲಲಿಲ್ಲ.

ಹುಡುಗ ಕುದುರೆಯಿಂದ ಬೆರಳು ತೆಗೆದ. ನಳಿಗೆ ಮೆಲ್ಲನೆ ನೆಲಕ್ಕಿಳಿಯಿತು.

ಆಗ ಗಲಾಟೆಯಾಯಿತು. ಉಳಿದವರೂ ತಿರುಗಿದರು. ಕಾರ್ಯದರ್ಶಿ ಓಡಿಬಂದ. ಅವನ ಹಿಂದೆ ಅಧ್ಯಕ್ಷರು, ನಿಧಾನವಾಗಿ, ಬಂದೂಕು ಮಡಚಿ ತೋಳಿನ ಮೇಲೆ ಇಟ್ಟುಕೊಂಡು. ದಪ್ಪನೆಯ ವಯಸ್ಸಾದ ಮನುಷ್ಯ. ಎಡಗಿವಿಯ ತುದಿಯಲ್ಲಿ ಸಣ್ಣ ಕಚ್ಚು. ಅಷ್ಟೇ. ಗಂಜಿಯಕ್ಕ ಅದನ್ನು ಹುಡುಕಿ ನೋಡಬೇಕಾಯಿತು.

"ಏನಿದು?" ಅಂದರು ಅಧ್ಯಕ್ಷರು.

"ನಿಮ್ಮ ಬಟ್ಟೆ ಸಾರ್."

"ಇದು ಖಾಸಗಿ ಜಾಗ. ಹೇಳದೆ ಕೇಳದೆ ಒಳಗೆ ಬರೋದಾ?"

"ನಿಮ್ಮ ಗುಂಡು ನಮ್ಮ ಹಳ್ಳಕ್ಕೆ ಹೇಳಿ ಬರ್ಲಿಲ್ಲ ಸಾರ್." ಅವಳ ದನಿ ಏರಲಿಲ್ಲ. "ನಿಮ್ಮ ಕಿವಿಗೆ ತಾಗಿತು. ನೀವು ಬಂದೂಕು ಬೇರೆ ಕಡೆ ತಿರುಗಿಸಿದ್ರಿ. ನಮ್ಮ ಕಿವಿ ಪಕ್ಕ ಹೋಯ್ತು. ನಮ್ಮ ಹತ್ರ ಬಂದೂಕಿಲ್ಲ ತಿರುಗಿಸೋಕೆ. ಹಗ್ಗ ಇದೆ. ಅದನ್ನ ತಿರುಗಿಸಿದ್ವಿ."

"ಯಾರಿಗೂ ಏನೂ ಆಗಿಲ್ಲ ಸರ್, ಸುಮ್ಮನೆ," ಅಂತ ಕಾರ್ಯದರ್ಶಿ ಬಾಯಿ ಹಾಕಿದ.

"ನೀವು ಸುಮ್ನಿರಿ," ಅಂದಳು ಗಂಜಿಯಕ್ಕ. ಅವಳು ಆ ಮನುಷ್ಯನಿಗೆ ಹಾಗೆ ಹೇಳಿದ್ದು ಅದೇ ಮೊದಲು. "ಬೋರ್ಡಲ್ಲಿ ಜನ ಇಲ್ಲ ಅಂತ ಬರೆದಿದೀರಿ. ಅದನ್ನ ಅಳಿಸಿ. ಹತ್ತು ಮನೆ ಇದೆ ಅಂತ ಬರೀರಿ. ಬಂದೂಕು ಮೊದಲು ಹೇಗಿತ್ತೋ ಹಾಗೆ ಗುಡ್ಡದ ಕಡೆ ಮಾಡಿ. ಅಲ್ಲಿವರೆಗೆ ಪ್ರತಿ ಭಾನುವಾರ ಇಲ್ಲೇ ಒಣಹಾಕ್ತೀವಿ."

ಅಧ್ಯಕ್ಷರು ಅಂಚಿನ ಕಡೆ ತಿರುಗಿದರು. ಕೆಳಗೆ ಹಳ್ಳದ ಕಡೆ ಒಂದು ಸಲ ನೋಡಿದರು. ತೋಟಾ ತೆಗೆದು ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಒಬ್ಬೊಬ್ಬರೇ ಹಿಂದೆ ಹೋದರು. ನಾಯಿಗಳು ಮೇಲೆ ಬಂದು, ಹೊಡೆಯುವವರಿಲ್ಲದೆ, ನಾಲಿಗೆ ಚಾಚಿ ಹುಲ್ಲಿನ ಮೇಲೆ ಮಲಗಿದವು. ಆವತ್ತು ಮತ್ತೆ ಗುಂಡು ಹಾರಲಿಲ್ಲ.

ಕಾರ್ಯದರ್ಶಿ ಮಾತ್ರ ಉಳಿದ. ಮುಖ ಕೆಂಪಗೆ ಕುದಿಯುತ್ತಿತ್ತು.

"ನಾಳೆಯಿಂದ ವ್ಯಾನು ಬರತ್ತೆ. ಹತ್ತು ಮನೆಗೂ ಮಣ್ಣು ಬಿತ್ತು ಅಂದ್ಕೊಳ್ಳಿ. ಪೊಲೀಸಿಗೆ ಹೇಳ್ತೀನಿ. ಅತಿಕ್ರಮ ಪ್ರವೇಶ ಅಂತ ಕೇಸು ಹಾಕಿಸ್ತೀನಿ."

"ಹಾಕಿಸಿ," ಅಂದಳು ದೊಡ್ಡವ್ವ, ಜಗಲಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುತ್ತಾ. "ಅದಕ್ಕಾದ್ರೂ ಅವರ ಹತ್ರ ಕಾಲಂ ಇರಬಹುದು."

ಅವನು ಜಗಲಿಯ ಕಡೆ ತಿರುಗಿ ಗಂಜಿಯಕ್ಕನ ತಮ್ಮನನ್ನು ಬೆರಳಲ್ಲಿ ಕರೆದ. ಅವನು ಯಾವಾಗಲೋ ಹಿಂದಿನಿಂದ ಬಂದು ಬಾಗಿಲ ಬಳಿ ನಿಂತಿದ್ದ.

"ಬಾ ಇಲ್ಲಿ. ಇದನ್ನೆಲ್ಲ ಕಿತ್ತು ಆಚೆ ಎಸಿ."

ತಮ್ಮ ಮೆಟ್ಟಿಲಿಳಿದು ಬಂದ. ಅಕ್ಕನ ಮುಖ ನೋಡಲಿಲ್ಲ. ಮೊದಲನೇ ಹಗ್ಗದ ಹತ್ತಿರ ನಿಂತ. ಬೆಡ್‌ಶೀಟಿನ ಅಂಚಿಗೆ ಕೈ ಹಾಕಿದ. ಹೆಂಗಸರು ನೋಡುತ್ತಿದ್ದರು. ಗಂಜಿಯಕ್ಕ ಕಣ್ಣು ಬೇರೆ ಕಡೆ ಹೊರಳಿಸಿದಳು. ಅವನು ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ತಿಕ್ಕಿ ನೋಡಿದ. ಚಿಕ್ಕವನಿದ್ದಾಗ ಅಮ್ಮ ಕಲಿಸಿದ ಹಾಗೆ. ಮೇಲೆ ಒಂದು ಸಲ, ಕೆಳಗೆ ಒಂದು ಸಲ.

"ಇನ್ನೂ ಹಸಿ ಇದೆ ಸಾರ್," ಅಂದ. "ಒಣಗಲಿ."

"ಏನಂದೆ?"

ಬಿಳಿ ಕೋಟಿನ ಹಿತ್ತಾಳೆ ಗುಂಡಿಗಳನ್ನು ತಮ್ಮ ಒಂದೊಂದಾಗಿ ಬಿಚ್ಚಿದ. ಕೋಟು ಕಳಚಿ ಹಗ್ಗದ ಮೇಲೆ ಹಾಕಿದ. ಆಮೇಲೆ ಅಕ್ಕನ ಹತ್ತಿರ ಹೋಗಿ ಕ್ಲಿಪ್ಪಿಗೆ ಕೈ ಚಾಚಿದ.